ಬೈತಲೆ ಯಾವ ಕಡೆ

ಹಗಲಿನಲ್ಲಿ ಗ್ಯಾಸ್ ಬರ್ನರಿನ ಉರಿ ಕಾಣುವುದಿಲ್ಲ, ಸದ್ದು ಮಾತ್ರ, ಯಾರೋ ಪಕ್ಕದಲ್ಲಿ ನಿಂತು ಒಂದೇ ಸಮನೆ ಉಸಿರು ಬಿಡುತ್ತಿರುವ ಹಾಗೆ, ಉರಿ ತಾಗಿದೆ ಅಂತ ಗೊತ್ತಾಗುವುದು ಚಾವಣಿಗೆ ಅಂಟಿಸುವ ಡಾಂಬರು ಹಾಳೆಯ ಅಡಿಯ ತೆಳು ಪ್ಲಾಸ್ಟಿಕ್ಕು ಸುಕ್ಕುಗಟ್ಟಿ ಮಾಯವಾದಾಗ, ಆಗ ಹಾಳೆಯ ಹೊಟ್ಟೆ ಬೆವರಿದ ಹಾಗೆ ಹೊಳೆಯುತ್ತದೆ, ಹೊಳಪು ಬಂದ ಕೂಡಲೇ ಸುರುಳಿಯನ್ನು ಕಾಲಿನಿಂದ ಮುಂದಕ್ಕೆ ಉರುಳಿಸಬೇಕು, ತಡವಾದರೆ ಸುಟ್ಟುಹೋಗುತ್ತದೆ, ಬೇಗವಾದರೆ ಅಂಟುವುದಿಲ್ಲ — ಡೋರ್ತೆ ಉರುಳಿಸಿದಳು, ಅಂಚಿನಲ್ಲಿ ಕಪ್ಪು ಜಿನುಗಿತು, ಸರಿಯಾಗಿಯೇ ಜಿನುಗಿತು, ಟೋರ್ಕಿಲ್ ಸತ್ತಿದ್ದಾನೆ, ಮತ್ತೆ ಉರಿ, ಮತ್ತೆ ಹೊಳಪು, ಮತ್ತೆ ಕಾಲು. ಫೋನನ್ನು ಎದೆಯ ಜೇಬಿಗೆ ವಾಪಸು ಹಾಕಿ ಎಷ್ಟು ಹೊತ್ತಾಯಿತೋ, ಅದಿನ್ನೂ ಬೆಚ್ಚಗಿದೆ, ಬರ್ನರಿನ ಕಾವೂ ಇರಬಹುದು. ಎಲ್ನಾ ಮಾಡಿದ್ದಳು. ಹಳೆಯ ಅತ್ತೆ, ವಿಚ್ಛೇದನವಾದ ಮೇಲೆ ಒಂದೇ ಒಂದು ಸಲವೂ ಫೋನು ಮಾಡದವಳು, ಪೇಟೆಯಲ್ಲಿ ಎದುರಾದರೆ ಬ್ರೆಡ್ಡಿನ ಅಂಗಡಿಯ ಕಿಟಕಿ ನೋಡುತ್ತಾ ನಿಂತುಬಿಡುತ್ತಿದ್ದವಳು. ಡೋರ್ತೆ, ನಾನು ಕಣೇ, ಎಲ್ನಾ, ಗುರುತು ಸಿಕ್ತಾ, ಟೋರ್ಕಿಲ್ ಹೋಗ್ಬಿಟ್ಟ, ಮಂಗಳವಾರ, ಅಂಗಡಿ ಮುಂದೆ ವ್ಯಾನಲ್ಲಿ ಕೂತಿದ್ದೋನು ಕೂತಂಗೇ, ಹಾರ್ಟಂತೆ. ಡೋರ್ತೆ ಹೌದಾ ಅಂದಳು. ಅಷ್ಟೇ, ಹೌದಾ, ಯಾರೋ ಬಸ್ಸು ಬರಲ್ಲ ಅಂತ ಹೇಳಿದ ಹಾಗೆ. ಆಮೇಲೆ ಎಲ್ನಾ ಕೇಳಿದ್ದು — ನಿಂಗೆ ಗೊತ್ತಿರತ್ತೆ ಅಂತ ಮಾಡಿದೆ, ಬೇರೆ ಯಾರನ್ನ ಕೇಳ್ಲಿ, ಆ ಶವಪೆಟ್ಟಿಗೆಯೋನು ಇವನ ತಲೇನ ಹಿಂದಕ್ಕೆ ಬಾಚಿಬಿಟ್ಟಿದಾನೆ, ಯಾರೋ ಬ್ಯಾಂಕಿನೋನ ಹಾಗೆ ಕಾಣ್ತಾನೆ, ಇವನು ಬೈತಲೆ ಯಾವ ಕಡೆ ತೆಗೀತಿದ್ದ ಹೇಳು, ಎಡಕ್ಕಾ ಬಲಕ್ಕಾ.

ಯಾವ ಕಡೆ. ಬಾಯಿ ತೆರೆದಳು, ಉತ್ತರ ಅಲ್ಲೇ ಇರಬೇಕಾಗಿತ್ತು, ಇರಲಿಲ್ಲ. ಯೋಚಿಸಿ ಹೇಳ್ತೀನಿ ಅಂದಳು, ಇದರಲ್ಲಿ ಯೋಚಿಸುವುದೇನಿದೆ, ಇಪ್ಪತ್ತು ವರ್ಷಕ್ಕೂ ಹೆಚ್ಚು ಅದೇ ತಲೆಯ ಕೂದಲನ್ನು ಅವಳೇ ಕತ್ತರಿಸಿದ್ದಾಳೆ, ಅಡುಗೆಮನೆಯಲ್ಲಿ, ಹಳೆಯ ಪರದೆಯನ್ನು ಅವನ ಕೊರಳಿಗೆ ಸುತ್ತಿ, ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿ. ಬೇಗ ಹೇಳು ಕಣೇ ಅಂದಳು ಎಲ್ನಾ, ಇವತ್ತು ಸಾಯಂಕಾಲ ಮುಚ್ಚಳ ಹಾಕ್ತಾರೆ, ಆಮೇಲೆ ತೆಗೆಯಲ್ಲ. ಏನು ಮೇಸ್ತ್ರಿ, ನಿದ್ದೆ ಬಂತಾ, ಫ್ಲೆಮಿಂಗ್ ಕೂಗಿದ, ಚಾವಣಿಯ ಆ ತುದಿಯಿಂದ, ಬಾಗಿದವನು ಬಾಗಿದ ಹಾಗೆಯೇ, ಹಳೆ ಹಾಳೆಯನ್ನು ಕೊಯ್ಯುತ್ತಾ, ಅವನಿಗೆ ಅರವತ್ತು ಹತ್ತಿರ, ಮಂಡಿ ಎರಡೂ ಹೋಗಿವೆ, ಬಾಯಿ ಮಾತ್ರ ಹೊಸದು. ಸುರುಳಿ ನಿಂತಿತ್ತು, ಹಾಳೆಯಿಂದ ಹೊಗೆ ಏಳುತ್ತಿತ್ತು. ಕಾಲಿನಿಂದ ಉರುಳಿಸಿದಳು. ನಿದ್ದೆ ಅಲ್ಲ, ನಿನ್ನ ಕೆಲಸ ನೋಡ್ತಿದ್ದೆ, ಇಷ್ಟು ನಿಧಾನಕ್ಕೆ ಬೆಣ್ಣೆ ಕೂಡ ಕೊಯ್ಯಲ್ಲ ಯಾರೂ ಅಂದಳು, ಧ್ವನಿ ಎಂದಿನಂತೆಯೇ ಬಂತು, ಅದೇ ಆಶ್ಚರ್ಯ, ಧ್ವನಿಗೆ ಸುದ್ದಿ ತಲುಪಿಲ್ಲ.

ಪಶ್ಚಿಮದಲ್ಲಿ ಮೋಡ. ಮಧ್ಯಾಹ್ನದ ಮೇಲೆ ಮಳೆ ಅಂತ ಬೆಳಿಗ್ಗೆಯೇ ಗೊತ್ತಿತ್ತು, ಆದರೆ ಬೆಳಿಗ್ಗೆ ಚಾವಣಿಯಲ್ಲಿ ಇಷ್ಟು ದೊಡ್ಡ ಬಾಯಿ ತೆರೆಯುವುದೂ ಲೆಕ್ಕದಲ್ಲಿ ಇರಲಿಲ್ಲ, ನೀರಿಳಿಯುವ ಕೊಳವೆಯ ಸುತ್ತ ಒಂದು ಚಾಪೆಯಗಲ ಕತ್ತರಿಸಿ ಸರಿಮಾಡಿ ಮುಚ್ಚುವುದು, ಇಷ್ಟೇ ಇತ್ತು, ಕತ್ತರಿಸಿದರೆ ಅಡಿಯಲ್ಲಿ ಚಳಿ ತಡೆಯುವ ಉಣ್ಣೆಹಲಗೆ ಪೂರ್ತಿ ತೊಯ್ದು ಗಂಜಿಯಾಗಿತ್ತು, ಇನ್ನೊಂದಿಷ್ಟು ಕತ್ತರಿಸಿದರು, ಅಲ್ಲೂ ಗಂಜಿ, ಮೇಲೆ ನಡೆದಾಡುವಾಗ ಗಟ್ಟಿಯಾಗಿಯೇ ಇತ್ತಲ್ಲ ಅಂತ ಫ್ಲೆಮಿಂಗ್, ಎಷ್ಟು ವರ್ಷದಿಂದ ಕುಡೀತಿದೆಯೋ ಇದು. ಸಮತಟ್ಟು ಚಾವಣಿ ಅನ್ನುತ್ತಾರೆ ಜನ, ಸಮತಟ್ಟು ಅಲ್ಲ, ಇದ್ದೂ ಇಲ್ಲದ ಹಾಗೆ ಒಂದು ಇಳಿಜಾರು ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ನೀರಿಗೆ ಮಾತ್ರ ಗೊತ್ತು. ಈಗ ತಗಡಿನ ನೆಲ ಬೆತ್ತಲೆ ಬಿದ್ದಿದೆ, ಅದರ ಕೆಳಗೆ ಅಂಗಡಿ, ಅಂಗಡಿಯ ತುಂಬ ಜಮಖಾನೆ, ಕಂಬಳಿ, ನೆಲಹಾಸು, ಮ್ಯಾನೇಜರು ಏಣಿಯಲ್ಲಿ ಅರ್ಧ ಹತ್ತಿ ತಲೆ ಮಾತ್ರ ತೋರಿಸಿ ಹೇಳಿಹೋಗಿದ್ದ, ಒಂದ್ ಹನಿ ಬಿದ್ರೂ ನನ್ನ ಕತೆ ಮುಗೀತು, ಕೆಳಗಡೆ ಎಲ್ಲಾ ಉಣ್ಣೇದು. ಗಿಂಟಾರಸ್ ಹೊಸ ಹಲಗೆಗಳನ್ನು ಎದೆಗೆ ಅಪ್ಪಿಕೊಂಡು ತರುತ್ತಿದ್ದ, ಲಿಥುವೇನಿಯದವನು, ಮಾತು ಕಡಿಮೆ, ಹಲಗೆ ಇಳಿಸಿ ಸಮುದ್ರದ ಕಡೆ ಗದ್ದ ಎತ್ತಿ ತೋರಿಸಿದ. ಫಾನೊ ಇಲ್ಲ ಈಗ ಅಂದ. ನೋಡಿದರೆ ನಿಜ, ಬಂದರಿನ ಆಚೆ ದ್ವೀಪ ಇದ್ದ ಜಾಗದಲ್ಲಿ ಬರೀ ಬೂದು, ಮಳೆ ಅದನ್ನು ಮುಚ್ಚಿಕೊಂಡು ಈಚೆ ಬರುತ್ತಿದೆ, ಇನ್ನು ಹೆಚ್ಚು ಹೊತ್ತಿಲ್ಲ. ಎಡಕ್ಕಾ ಬಲಕ್ಕಾ. ಕಣ್ಣು ಮುಚ್ಚಿದರೆ ಮುಖ ಬರುತ್ತದೆ, ಮೂಗು, ಹುಬ್ಬಿನ ಮೇಲಿನ ಗಾಯದ ಕಲೆ, ತಗಡು ತಾಗಿದ್ದು, ಆದರೆ ಅದರ ಮೇಲೆ ಹೋದರೆ ಟೋಪಿ, ಯಾವಾಗಲೂ ಟೋಪಿ, ಹೆಲ್ಮೆಟ್ಟು, ಹೆಲ್ಮೆಟ್ಟು ತೆಗೆದರೆ ಉಣ್ಣೆ ಟೋಪಿ, ಫೋಟೋಗಳಲ್ಲೂ ಅಷ್ಟೇ, ಮದುವೆಯ ಫೋಟೋದಲ್ಲಿ ಟೋಪಿಯಿಲ್ಲ ಆದರೆ ಗಾಳಿ, ರಿಬೆ ಚರ್ಚಿನ ಮುಂದೆ ಎಲ್ಲರ ಕೂದಲೂ ಒಂದೇ ದಿಕ್ಕಿಗೆ ಎದ್ದು ನಿಂತಿದೆ, ಪಾದ್ರಿಯದೂ.

ಟೋಪಿ — ನಾನು ಕಟ್ಟಡಕ್ಕೆ ಅಂಗಿ ತೊಡಿಸ್ತೀನಿ, ನೀನು ಟೋಪಿ ಹಾಕ್ತೀಯ, ಇಬ್ರೂ ಸೇರಿ ಗಿರಾಕಿಗೂ ಟೋಪಿ ಹಾಕೋಣ, ಹಾಗಂತ ಟೋರ್ಕಿಲ್, ಅಲ್ಲಿಂದ ಶುರುವಾಗಿದ್ದು ಅವರಿಬ್ಬರದು, ವಾರ್ದೆಯ ಹತ್ತಿರ ಒಂದು ಪೀಠೋಪಕರಣದ ಗೋದಾಮು, ಅವನು ಹೊರಗೋಡೆಗೆ ಅಲೆಅಲೆಯಾದ ತಗಡು ಹೊಡೆಯುವವನು, ಮೇಲೇಳುವ ಯಂತ್ರದ ತೊಟ್ಟಿಲಲ್ಲಿ ನಿಂತು ಮೇಲೆ ಬಂದ, ಮೊದಲು ಟೋಪಿ ಕಂಡಿತು, ಆಮೇಲೆ ಹುಬ್ಬು, ಆಮೇಲೆ ನಗು, ಅವಳು ಚಾವಣಿಯ ಅಂಚಿನಲ್ಲಿ ಮಂಡಿಯೂರಿ ಬರ್ನರು ಹಿಡಿದಿದ್ದಳು. ಗೋಡೆ ಮುಗಿದು ಚಾವಣಿ ಶುರುವಾಗುವ ಆ ಅಂಚು, ಅಲ್ಲಿ ನೀರು ಹೋಗದ ಹಾಗೆ ಯಾರು ಮಾಡಬೇಕು ಅಂತ ಎಲ್ಲ ಕಡೆಯೂ ಜಗಳ, ತಗಡಿನವರು ಚಾವಣಿಯವರದು ಅನ್ನುತ್ತಾರೆ, ಚಾವಣಿಯವರು ತಗಡಿನವರದು ಅನ್ನುತ್ತಾರೆ. ನೀನು ನಿನ್ನ ಹಾಳೇನ ಗೋಡೆ ಮೇಲಿಂದ ಆಚೆಗೆ ಮಡಚಿ ಬಿಡು, ನಾನು ಮೇಲೆ ತಗಡಿನ ಮುಚ್ಚಿಗೆ ಕೂರಿಸ್ತೀನಿ. ನೀನು ಮೊದ್ಲು ಕೂರಿಸು, ಆಮೇಲೆ ನಾನು ಮಡಚ್ತೀನಿ. ಆಮೇಲೆ ಮಡಚಿದ್ರೆ ನೀರು ಒಳಗೇ ಹೋಗತ್ತೆ ಕಣಮ್ಮಾ. ನನ್ನನ್ನ ಅಮ್ಮ ಅನ್ಬೇಡ. ಇನ್ನೇನು ಅನ್ನಲಿ, ಹೆಸರು ಹೇಳು. ಹೆಸರು ಹೇಳಿದಳು. ಆ ಅಂಚು ಇವತ್ತಿಗೂ ಸೋರಿಲ್ಲ, ಹೋದ ವರ್ಷ ಆ ದಾರಿಯಲ್ಲಿ ಹೋಗುವಾಗ ನೋಡಿದ್ದಳು, ತಗಡು ಮಾಸಿದೆ, ಅಂಚು ಭದ್ರ. ಸಾಕು, ಗೋಡೆಯ ಮಾತು ಬೇಡ, ತಲೆ, ತಲೆಯ ಮಾತು ಬೇಕು. ಅಡುಗೆಮನೆ. ಭಾನುವಾರ. ಅವನು ಕುರ್ಚಿಯಲ್ಲಿ, ಬೆನ್ನು ಕಿಟಕಿಗೆ, ಅವನೇ ತಲೆಗೆ ನೀರು ಹಾಕಿಕೊಂಡು ಬಂದಿರುತ್ತಿದ್ದ, ಕೊರಳಿನಿಂದ ನೀರಿಳಿದು ಪರದೆ ಒದ್ದೆ, ಅವಳು ಬಾಚಣಿಗೆಯನ್ನು ಹಣೆಯಿಂದ ಹಿಂದಕ್ಕೆ ಎಳೆಯುವಳು, ಒಂದು ಗೆರೆ, ತಲೆಬುರುಡೆಯ ಬಿಳಿ ಗೆರೆ, ಮುಖವೆಲ್ಲ ಗಾಳಿಗೆ ಇಟ್ಟಿಗೆಯ ಬಣ್ಣ, ಅದೊಂದು ಮಾತ್ರ ಹಾಲಿನ ಹಾಗೆ ಬಿಳಿ, ಬಿಸಿಲೇ ತಾಗದ್ದು. ಗೆರೆ ಕಾಣುತ್ತಿದೆ. ಯಾವ ಕಡೆ ಅಂತ ನೋಡಹೋದರೆ ಜಾರುತ್ತದೆ, ಎಡಕ್ಕಿಟ್ಟು ನೋಡಿದರೆ ಅವನೇ, ಬಲಕ್ಕಿಟ್ಟು ನೋಡಿದರೂ ಅವನೇ.

ಹಲಗೆ ಕೂರಿಸಿದ್ದಾಯಿತು, ತಿರುಪು ಹಾಕಿದ್ದಾಯಿತು, ಈಗ ಮೂವರೂ ಒಂದೇ ಕಡೆ, ಫ್ಲೆಮಿಂಗ್ ಎರಡನೇ ಬರ್ನರು ಹೊತ್ತಿಸಿದ, ಊಟದ ಡಬ್ಬಿ ಯಾರೂ ತೆರೆದಿಲ್ಲ, ಏಣಿಯ ಪಕ್ಕದಲ್ಲಿ ಅವಳ ಡಬ್ಬಿ, ಕರಿಬ್ರೆಡ್ಡು, ಮೇಲೆ ಹಂದಿಯ ಲಿವರಿನ ಮುದ್ದೆ, ಸೌತೆಕಾಯಿ ಉಪ್ಪಿನಕಾಯಿ, ಟೋರ್ಕಿಲ್ ಸೌತೆಕಾಯಿ ತೆಗೆದು ಅವಳ ತಟ್ಟೆಗೆ ಹಾಕುತ್ತಿದ್ದ, ಹೀಗೆ ಬೇಡದ್ದೆಲ್ಲ ನೆನಪಾಗುತ್ತದೆ. ಜಗಳವಾಡಿ ಬೇರೆಯಾಗಿದ್ದರೆ ಹೇಳಿಕೊಳ್ಳಲಾದರೂ ಆಗುತ್ತಿತ್ತು, ಒಂದು ಚಳಿಗಾಲ ಇಬ್ಬರೂ ಮಾತು ಕಡಿಮೆ ಮಾಡಿದರು, ಮುಂದಿನ ಚಳಿಗಾಲ ಇನ್ನೂ ಕಡಿಮೆ, ಮಕ್ಕಳಿರಲಿಲ್ಲ, ನಾಯಿ ಸತ್ತಿತು, ಆಮೇಲೆ ಒಂದು ದಿನ ಅವಳೇ ನೀನು ಬೇರೆ ಮನೆ ನೋಡ್ಕೋ ಅಂದಳು, ಅವನು ಸರಿ ಅಂದ, ಆ ಭಾನುವಾರವೂ ಕೂದಲು ಕತ್ತರಿಸಿಕೊಂಡೇ ಹೋದ. ಹೋಗುವ ದಿನವೂ. ಯಾಕೆ ಕತ್ತರಿಸಿದಳು, ಅವನು ಕುರ್ಚಿ ಎಳೆದು ಕೂತ, ಅದಕ್ಕೆ. ಯಾರದು ಫೋನು ಆಗ್ಲೇ, ಫ್ಲೆಮಿಂಗ್ ಕೇಳಿದ, ಕೆಲಸದ ನಡುವೆ ಫೋನು ತೆಗೆಯೋಳಲ್ಲ ನೀನು, ಯಾರಾದ್ರೂ ಹೊಸಬ್ರಾ ಮೇಸ್ತ್ರಿ. ಹಳೇ ಅತ್ತೆ. ಅಯ್ಯೋ, ಆ ಮುದುಕಿ ಇನ್ನೂ ಇದಾಳಾ, ಏನಂತೆ, ಮಗನ್ನ ವಾಪಸ್ ತಗೋ ಅಂತಾಳಾ. ಗಿಂಟಾರಸ್ ಕೂಡ ನಕ್ಕ. ಡೋರ್ತೆಯ ಬರ್ನರು ಹಾಳೆಯ ಮೇಲೆ ಒಂದೇ ಹದದಲ್ಲಿ ಆಡುತ್ತಿತ್ತು, ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ. ಟೋರ್ಕಿಲ್ ಸತ್ತಿದಾನೆ ಅಂದಳು, ಮಂಗಳವಾರ, ಆ ಅಂಚು ಒತ್ತು, ಅಂಟಿಲ್ಲ ನೋಡು.

ಫ್ಲೆಮಿಂಗನ ಬರ್ನರು ನಿಂತಿತು. ಅದರ ಸದ್ದು ನಿಂತದ್ದು ಕಿವಿಗೆ ತೂತು ಬಿದ್ದ ಹಾಗಾಯಿತು, ಕೆಳಗಿನ ಗೋಡೆಯ ತಗಡು ಗಾಳಿಗೆ ಟಕ ಟಕ ಅನ್ನುವುದು ಆಗ ಕೇಳಿಸಿತು, ಯಾವುದೋ ಒಂದು ತಿರುಪು ಸಡಿಲವಾಗಿದೆ, ಟೋರ್ಕಿಲ್ ಆಗಿದ್ದರೆ ಈಗಲೇ ಇಳಿದು ಬಿಗಿ ಮಾಡಿ ಬರುತ್ತಿದ್ದ, ಬೇರೆಯವರ ಕಟ್ಟಡವಾದರೂ. ನಮ್ಮ ಟೋರ್ಕಿಲ್ಲಾ. ಹೂಂ. ಆ ತಗಡಿನ ಟೋರ್ಕಿಲ್ಲಾ. ಇನ್ಯಾರು. ಮತ್ತೆ ನೀನ್ಯಾಕೆ ಇಲ್ಲಿ ಹಾಳೆ ಅಂಟಿಸ್ತಾ ಕೂತಿದೀಯ ಮಾರಾಯ್ತಿ, ಹೋಗು, ನಾವು ಮುಚ್ಚುತೀವಿ, ಏ ಗಿಂಟಾರಸ್, ತಗೋ ಅವಳ ಕೈಯಿಂದ. ಗಿಂಟಾರಸ್ ಕೈ ಚಾಚಿದ, ಅವಳು ಕೊಡಲಿಲ್ಲ. ಮಳೆಗೆ ಮುಂಚೆ ನೀರು ಇಳಿಯೋ ಬಾಯಿ ಕೂರಿಸ್ಬೇಕು, ಅದು ನಿಂಗೆ ಬರಲ್ಲ ಫ್ಲೆಮಿಂಗ್, ನಿನ್ನ ಕಣ್ಣು ಹೋಗಿದೆ ಅಂದಳು. ಅದು ನಿಜವೇ, ಆದರೆ ನಿಜ ಅಂತ ಹೇಳಿದ್ದಲ್ಲ. ಹೋಗುವುದು ಎಲ್ಲಿಗೆ, ಯಾವ ಲೆಕ್ಕದಲ್ಲಿ, ಹೆಂಡತಿ ಸತ್ತವನಿಗೆ ರಜೆ ಕೊಡುತ್ತಾರೆ, ಗಂಡ ಸತ್ತವಳಿಗೆ ಹೂವು ಕಳಿಸುತ್ತಾರೆ, ಬಿಟ್ಟ ಗಂಡ ಸತ್ತರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ, ಅವಳ ಒಳಗೂ ಏನೂ ಏಳುತ್ತಿಲ್ಲ, ಒತ್ತಿ ನೋಡಿದಳು, ಎಲ್ಲಿ ಒತ್ತಿದರೂ ಗಟ್ಟಿ. ಫ್ಲೆಮಿಂಗ್ ಮತ್ತೆ ಬರ್ನರು ಹೊತ್ತಿಸಿದ, ಬೀರು ಕುಡಿಯುವಾಗ ಟೋರ್ಕಿಲನನ್ನು ಒಳ್ಳೆಯವನು ಅನ್ನುತ್ತಿದ್ದವನು, ಅಂಚನ್ನು ಒತ್ತಿದ, ಜೋರಾಗಿ ಒತ್ತಿದ.

ಕೊಳವೆಯ ಬಾಯಿಗೆ ಹಾಳೆಯನ್ನು ಕೊಯ್ದು ಎಸಳೆಸಳಾಗಿ ಒಳಕ್ಕೆ ಮಡಚಬೇಕು, ಒಂದರ ಮೇಲೊಂದು, ಕೈಗವಸು ತೆಗೆದು ಹೆಬ್ಬೆರಳಿನಿಂದ, ಬಿಸಿ ಇರುವಾಗಲೇ, ಅವಳ ಹೆಬ್ಬೆರಳಿಗೆ ಬಿಸಿ ಗೊತ್ತಾಗುವುದು ನಿಂತು ವರ್ಷಗಳಾದವು, ಮಡಚಿದಳು, ಒತ್ತಿದಳು, ಮಡಚಿದಳು, ಮೊದಲ ಹನಿ ಬೆಚ್ಚಗಿನ ಡಾಂಬರಿನ ಮೇಲೆ ಬಿದ್ದು ಚುಂಯ್ ಅಂತು, ಇನ್ನೊಂದು ಕತ್ತಿನ ಮೇಲೆ. ಗಿಂಟಾರಸ್ ತನ್ನ ಜಾಕೀಟು ತೆಗೆದು ಅವಳ ಕೈಗಳ ಮೇಲೆ ಚಾಚಿ ಹಿಡಿದ, ಬೆನ್ನು ನೆನೆಯುತ್ತಿದ್ದರೂ. ಮೇಸ್ತ್ರಿ, ಬೇಗ. ಆಯ್ತು, ಆಯ್ತು. ಕೊನೆಯ ಎಸಳು. ಅಷ್ಟರಲ್ಲಿ ಮಳೆ ಬಂದೇಬಿಟ್ಟಿತು, ಅಡ್ಡಡ್ಡವಾಗಿ, ಸಮುದ್ರದ ಉಪ್ಪು ಸಮೇತ, ಹೊಸ ಹಾಳೆಯ ಮೇಲೆ ಹನಿಗಳು ಮಣಿಮಣಿಯಾಗಿ ನಿಂತವು, ಕೂಡಿಕೊಂಡವು, ದಾರಿ ಹುಡುಕಿದವು, ಆಮೇಲೆ ಎಲ್ಲವೂ ಮೆಲ್ಲಗೆ ಕೊಳವೆಯ ಕಡೆ ಹೊರಟವು. ಇಳೀತಿದೆ ಅಂದ ಫ್ಲೆಮಿಂಗ್. ಕೆಳಗಿನಿಂದ ಮ್ಯಾನೇಜರನ ದನಿ, ಒಣಗೇ ಇದೆ ಕಣ್ರೀ, ಇಲ್ಲೆಲ್ಲಾ ಒಣಗೇ ಇದೆ, ಕಾಫಿ ಮಾಡಿಸ್ಲಾ. ಅವಳು ಫೋನು ತೆಗೆದಳು, ಡಾಂಬರಿನ ಬೆರಳಿಗೆ ಗಾಜು ಓಗೊಡಲಿಲ್ಲ, ಮೂಗಿನ ತುದಿಯಿಂದ ಒತ್ತಿದಳು. ಎಲ್ನಾ, ನಾನು. ಹೇಳು ಕಣೇ, ಇಲ್ಲೇ ಆಸ್ಪತ್ರೆ ಹಿಂದಿನ ಶವದ ಕೋಣೆ ಹತ್ರಾನೇ ಇದೀನಿ. ಬಾಚಣಿಗೆ ಹಿಡಿದ ಕೈ ಎಲ್ಲಿಗೆ ಹೋಗುತ್ತಿತ್ತು, ಬಾಯಿ ಅದನ್ನು ಹಿಂಬಾಲಿಸಿ ತಾನಾಗಿ ಅಂದಿತು, ಎಡಕ್ಕೆ. ಎಡಕ್ಕೆ ತಾನೇ. ಹೂಂ, ಎಡಕ್ಕೆ. ಸರಿ, ಹೇಳ್ತೀನಿ ಅವನಿಗೆ, ಒಳಗೆ ಫೋನು ಆಫ್ ಮಾಡ್ಬೇಕಂತೆ, ಇಡ್ತೀನಿ.

ಏಣಿಯ ಅರ್ಧಕ್ಕೆ ಇಳಿದಾಗ ನಿಂತಳು. ಏಣಿ ಇಳಿಯುವಾಗ ಮುಖ ಗೋಡೆಗೆ, ಎದುರಿಗೆ ತಗಡಿನ ಹೊದಿಕೆ, ನೀರು ಅಲೆಗಳ ಹಳ್ಳದಲ್ಲಿ ಇಳಿಯುತ್ತಿದೆ, ಅದರಲ್ಲಿ ಮಬ್ಬಾಗಿ ಅವಳದೇ ಬಿಂಬ, ಅವಳ ಎಡಗೈ ಎದುರಿಗಿರುವವಳಿಗೆ — ಅವನ ಬೆನ್ನು ಕಿಟಕಿಗೆ, ಹಿಂದೆ ನಿಲ್ಲಲು ಜಾಗವಿರಲಿಲ್ಲ. ಅಂದರೆ ಅವಳು ಅವನ ಮುಂದೆ ನಿಂತಿರುತ್ತಿದ್ದಳು. ಅವನ ಮಂಡಿಗಳು ಅವಳ ತೊಡೆಗೆ ತಾಗುತ್ತಿದ್ದವು, ಮುಖಕ್ಕೆ ಮುಖ, ಅವನು ಕಣ್ಣು ಮುಚ್ಚಿರುತ್ತಿದ್ದ. ಎಡ ಅಂದದ್ದು ಅವಳ ಎಡ. ಅವನದು ಬಲ. ಫೋನು ಮಾಡಿದಳು, ಮೂಗಿನಿಂದ, ಮತ್ತೆ ಮೂಗಿನಿಂದ, ಚಂದಾದಾರರು ಸಂಪರ್ಕದಲ್ಲಿಲ್ಲ. ಮೇಲಿನಿಂದ ಫ್ಲೆಮಿಂಗ್, ಏನಾಯ್ತು. ತಪ್ಪು ಹೇಳ್ಬಿಟ್ಟೆ ಅಂದಳು. ಏನನ್ನ. ಕಡೆಯನ್ನ. ಅವನಿಗೆ ಅರ್ಥವಾಗಲಿಲ್ಲ, ಆದರೂ ಹೋಗು ಅಂದ, ಈಗ್ಲಾದ್ರೂ ಹೋಗೇ, ವ್ಯಾನು ತಗೊಂಡ್ ಹೋಗು, ನಾವು ಹೇಗೋ ಬರ್ತೀವಿ. ವ್ಯಾನಿನಲ್ಲಿ ಗ್ಯಾಸಿನ ವಾಸನೆ, ಗಾಜು ಒರೆಸುವ ಕಡ್ಡಿ ನೀರನ್ನು ಎಡಕ್ಕೆ ಬಲಕ್ಕೆ ತಳ್ಳುತ್ತದೆ, ದೀಪ ಕೆಂಪು, ದೀಪ ಹಸಿರು, ಬಂದರಿನ ರಸ್ತೆ, ಅವನು ಅಂಗಿ ತೊಡಿಸಿದ ಕಟ್ಟಡಗಳು ಒಂದೊಂದೇ ಹಿಂದೆ ಹೋಗುತ್ತವೆ, ಬೂದು, ಬೂದು, ಒಂದು ಕೆಂಪು, ಆ ಕೆಂಪು ಬಣ್ಣ ಅವನಿಗೆ ಇಷ್ಟವಿರಲಿಲ್ಲ, ಈಗಲಾದರೂ ಅಳು ಬರಬಹುದು ಅಂತ ಕಾದಳು, ವ್ಯಾನಿನಲ್ಲಿ ಒಬ್ಬಳೇ, ಯಾರೂ ನೋಡುವವರಿಲ್ಲ, ಬರಲಿಲ್ಲ, ಬಿಳಿ ಗೆರೆ ಮಾತ್ರ, ತಪ್ಪಾದ ಕಡೆಯಲ್ಲಿ.

ಎಲ್ನಾ ಶವದ ಕೋಣೆಯ ಬಾಗಿಲಲ್ಲೇ ನಿಂತಿದ್ದಳು, ಕುಗ್ಗಿಹೋಗಿದ್ದಾಳೆ, ಕೋಟು ದೊಡ್ಡದಾಗಿದೆ, ಮುಚ್ಚಳವನ್ನು ಗೋಡೆಗೆ ಒರಗಿಸಿದ್ದರು. ನೀನು ಹೇಳಿದ ಹಾಗೇ ಮಾಡ್ಸಿದೆ ಕಣೇ, ಎಡಕ್ಕೆ, ಆದ್ರೂ ಇವನು ಅವನಲ್ಲ, ನೋಡು ಬೇಕಾದ್ರೆ, ಹೆತ್ತೋಳು ನಾನು, ನಂಗೇ ಗೊತ್ತಾಗಲ್ಲ ಅಂದ್ರೆ, ಚಿಕ್ಕೋನಿದ್ದಾಗ ನಾನೇ ಬಾಚ್ತಿದ್ದೆ, ನಡುವಿಗೆ ತೆಗೀತಿದ್ದೆ, ದೊಡ್ಡೋನಾದ್ಮೇಲೆ ಬದಲಾಯಿಸ್ಕೊಂಡ, ನಾನು ನೋಡ್ಲೇ ಇಲ್ಲ. ನಾನು ಹೇಳಿದ್ದು ನನ್ನ ಎಡ ಅಂದಳು ಡೋರ್ತೆ. ಕಪ್ಪು ಸೂಟಿನ ಶವಪೆಟ್ಟಿಗೆಯವನು ಬಾಚಣಿಗೆ ಚಾಚಿದ, ಒಂದು ಲೋಟದಲ್ಲಿ ನೀರು. ಅವಳು ತನ್ನ ಕೈ ನೋಡಿಕೊಂಡಳು, ಉಗುರಿನ ಸಂದಿನಲ್ಲಿ ಡಾಂಬರು, ಹೆಬ್ಬೆರಳು ಪೂರ್ತಿ ಕಪ್ಪು, ಪೆಟ್ಟಿಗೆಯ ಒಳಗೆಲ್ಲ ಬಿಳಿ ಬಟ್ಟೆ. ತೊಳ್ಕೊಂಡ್ ಬರ್ತೀನಿ. ಬೇಡ ಕಣೇ ಅಂದಳು ಎಲ್ನಾ, ಅವನ ಕೈ ಯಾವತ್ತು ಬೆಳ್ಳಗಿತ್ತು, ನೀನು ಬಾಚು. ತಲೆಯ ಕಡೆ ನಿಂತರೆ ಆಗಲಿಲ್ಲ, ಕೈಗೆ ಏನೂ ತಿಳಿಯಲಿಲ್ಲ, ಪಕ್ಕಕ್ಕೆ ಬಂದು ಬಾಗಿದಳು, ಪೆಟ್ಟಿಗೆಯ ಅಂಚು ಹೊಟ್ಟೆಗೆ ಒತ್ತಿತು, ಮುಖಕ್ಕೆ ಮುಖ, ಅವನು ಕಣ್ಣು ಮುಚ್ಚಿದ್ದಾನೆ, ಬಾಚಣಿಗೆ ನೀರಿಗೆ ಅದ್ದಿದಳು, ಹಣೆಯಿಂದ ಹಿಂದಕ್ಕೆ ಎಳೆದಳು. ಕೂದಲು ಬೆಳೆದಿತ್ತು, ಯಾರ ಹತ್ತಿರ ಕತ್ತರಿಸಿಕೊಳ್ಳುತ್ತಿದ್ದನೋ, ಚೆನ್ನಾಗಿ ಕತ್ತರಿಸಿಲ್ಲ, ಕಿವಿಯ ಹಿಂದೆ ಏರುಪೇರು. ಕೂದಲು ಎರಡಾಗಿ ಬಿತ್ತು, ನೆತ್ತಿಯ ಸುಳಿಯ ಹತ್ತಿರ ಒಂದಿಷ್ಟು ಎದ್ದು ನಿಂತಿತು, ಅದು ಎಂದೂ ಕೂರುತ್ತಿರಲಿಲ್ಲ. ಹಾಂ ಅಂದಳು ಎಲ್ನಾ, ಇವನೇ, ಈಗ ಬಂದ ನೋಡು, ಇವನೇ ಕಣೇ, ಅಂದು ಅಳತೊಡಗಿದಳು, ಡೋರ್ತೆಯ ಒದ್ದೆ ತೋಳಿಗೆ ಹಣೆ ಹಚ್ಚಿಕೊಂಡು, ಗ್ಯಾಸು ಡಾಂಬರು ನಾರುವ ತೋಳಿಗೆ. ಡೋರ್ತೆ ನಿಂತೇ ಇದ್ದಳು. ಮುಖ ನೋಡಬೇಕು, ಇನ್ನು ಮುಚ್ಚಿಬಿಡುತ್ತಾರೆ, ಹುಬ್ಬು, ಕಲೆ, ಮೂಗು, ನೋಡು, ನೋಡು ಅಂದುಕೊಂಡಳು, ಕಣ್ಣು ಕೆಳಗಿಳಿಯಲಿಲ್ಲ, ಸೂಟಿನವನು ಕೆಮ್ಮಿದ, ಮಳೆ ಎಲ್ಲೋ ತಗಡಿನ ಮೇಲೆ, ಆ ಗೆರೆ, ಹಣೆಯಿಂದ ಸುಳಿಯವರೆಗೆ, ಒದ್ದೆ, ಹಾಲಿನ ಹಾಗೆ, ಬಿಸಿಲೇ ಕಾಣದ್ದು, ಬಿಳಿ, ಆ ಗೆರೆ, ಬಿಳಿ ಗೆರೆ —